ಜೂನ್ ಒಂದರಂದು ಹುಟ್ಟಿದ ಮಕ್ಕಳು ಮತ್ತು ನ್ಯಾಯಮೂರ್ತಿ ನಾಗರತ್ನ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ. ಹುಣಸೂರು ಉಪವಿಭಾಗದ ಈ ನಾಲ್ಕು ಹಳೆಯ ತಾಲ್ಲೂಕುಗಳಲ್ಲಿ ಯಾವುದಾದರೊಂದು ಹಳ್ಳಿಯ ಹಳೆಯ ಸರ್ಕಾರಿ ಶಾಲೆಗೆ ಹೋಗಿ, ದಾಖಲಾತಿ ವಹಿಯನ್ನು ತೆರೆಸಿ ನೋಡಿದರೆ ಒಂದು ಸೋಜಿಗ ಕಣ್ಣಿಗೆ ಬೀಳುತ್ತದೆ. ಸಾಲಿಗೆ ಸಾಲು ಮಕ್ಕಳು ಜೂನ್ ತಿಂಗಳ ಒಂದನೇ ತಾರೀಖಿನಂದೇ ಹುಟ್ಟಿದ್ದಾರೆ! ಒಂದೇ ಊರಿನಲ್ಲಿ ಒಂದೇ ದಿನ ಅಷ್ಟೊಂದು ತೊಟ್ಟಿಲು ಕಟ್ಟಲು ಸಾಧ್ಯವಿಲ್ಲವೆಂಬುದು ಎಲ್ಲರಿಗೂ ಗೊತ್ತು. ಕಾರಣವೂ ಗುಟ್ಟಿನದೇನಲ್ಲ. ಶಾಲೆ ಆರಂಭವಾಗುವುದು ಜೂನ್‌ನಲ್ಲಿ, ವಯಸ್ಸಿನ ಲೆಕ್ಕ ಹಾಕುವುದೂ ಜೂನ್ ಒಂದಕ್ಕೆ. ಮಗುವನ್ನು ಸೇರಿಸಲು ಬಂದ ತಂದೆಗೆ ತಾರೀಖು ನೆನಪಿರುವುದಿಲ್ಲ. 'ಗೌರಿ ಹಬ್ಬದ ಹಿಂದುಮುಂದು ಸ್ವಾಮಿ, ಆ ವರ್ಷ ಕೆರೆ ಕೋಡಿ ಬಿದ್ದಿತ್ತು' ಎಂದಷ್ಟೇ ಹೇಳುತ್ತಾನೆ. ಆ ಮಾತನ್ನು ವಹಿಯ ಕಾಲಂನಲ್ಲಿ ಬರೆಯುವುದಾದರೂ ಹೇಗೆ? ಹೆಡ್‌ಮಾಸ್ತರರು ತಮಗೆ ತೋಚಿದ ವರ್ಷ ಹಾಕಿ, ಮುಂದೆ 1-6 ಎಂದು ಬರೆದು ಮುಗಿಸುತ್ತಿದ್ದರು.

ಯಾರಿಗೂ ಕೇಡು ಬಯಸಿ ಬರೆದ ತಾರೀಖಲ್ಲ ಅದು. ಆದರೆ ಮಗು ಬೆಳೆದು ಹದಿನೇಳು ಹದಿನೆಂಟರ ಹೊಸ್ತಿಲಲ್ಲಿ ನಿಂತಾಗ, ಅದೇ ಸಾಲು ಅದನ್ನು ಬಾಲಮಂದಿರದ ಕಡೆಗೋ ಜೈಲಿನ ಕಡೆಗೋ, ಶಾಲೆಯ ಬೆಂಚಿಗೋ ಹಸೆಮಣೆಗೋ ತಿರುಗಿಸಿಬಿಡಬಲ್ಲದು. ಮಕ್ಕಳ ನ್ಯಾಯದ ಇಡೀ ಕಟ್ಟಡ ನಿಂತಿರುವುದು ಇವರು ಮಗು ಹೌದೋ ಅಲ್ಲವೋ ಎಂಬ ಒಂದೇ ಪ್ರಶ್ನೆಯ ಮೇಲೆ. ಆ ಪ್ರಶ್ನೆಗೆ ಉತ್ತರ ಹುಡುಕುವ ಬಗೆಯನ್ನು ಇತ್ತೀಚಿನ ವರ್ಷಗಳಲ್ಲಿ ವಿವರವಾಗಿ ಬಿಡಿಸಿ ಹೇಳಿದವರು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ನಮ್ಮ ಸೀಮೆಗೆ ಅವರು ಹೊರಗಿನವರಲ್ಲ.

ಇಂಗಲಗುಪ್ಪೆಯ ಮನೆತನ

ನಾಗರತ್ನ ಅವರ ತಂದೆ ಇ.ಎಸ್. ವೆಂಕಟರಾಮಯ್ಯನವರು. ಅವರ ಹೆಸರಿನ ಮೊದಲ ಅಕ್ಷರವೇ ಊರಿನದು. ಪಾಂಡವಪುರ ತಾಲ್ಲೂಕಿನ ಇಂಗಲಗುಪ್ಪೆಯಲ್ಲಿ 1924ರ ಡಿಸೆಂಬರ್ 18ರಂದು ಅವರು ಹುಟ್ಟಿದಾಗ ಆ ಸೀಮೆ ಮೈಸೂರು ಜಿಲ್ಲೆಯಲ್ಲೇ ಇತ್ತು. ಮಂಡ್ಯ ಜಿಲ್ಲೆ ಬೇರೆಯಾದದ್ದು 1939ರಲ್ಲಿ. ಹಳ್ಳಿಯಿಂದ ಹೊರಟ ಆ ಹುಡುಗ ವಕೀಲರಾಗಿ, ಹೈಕೋರ್ಟಿನ ನ್ಯಾಯಮೂರ್ತಿಯಾಗಿ, 1979ರಲ್ಲಿ ಸರ್ವೋಚ್ಚ ನ್ಯಾಯಾಲಯ ಸೇರಿ, 1989ರ ಜೂನ್‌ನಿಂದ ಡಿಸೆಂಬರ್‌ವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದರು.

ಮಗಳು ಹುಟ್ಟಿದ್ದು 1962ರ ಅಕ್ಟೋಬರ್ 30ರಂದು. ಬೆಂಗಳೂರಿನಲ್ಲೂ ದೆಹಲಿಯಲ್ಲೂ ಓದಿದರು. ಮೊದಲು ಚರಿತ್ರೆ, ಆಮೇಲೆ ಕಾನೂನು. 1987ರಲ್ಲಿ ಬೆಂಗಳೂರಿನಲ್ಲಿ ವಕೀಲಿ ಆರಂಭಿಸಿ ಸುಮಾರು ಇಪ್ಪತ್ತು ವರ್ಷ ನಡೆಸಿದ ಮೇಲೆ, 2008ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟಿನ ಹೆಚ್ಚುವರಿ ನ್ಯಾಯಮೂರ್ತಿಯಾದರು. ಎರಡು ವರ್ಷಗಳ ನಂತರ ಕಾಯಂ ಆಯಿತು. 2021ರ ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಒಂದೇ ದಿನ ಪ್ರಮಾಣವಚನ ಸ್ವೀಕರಿಸಿದ ಒಂಬತ್ತು ಮಂದಿಯಲ್ಲಿ ಅವರೂ ಒಬ್ಬರು. ಹಿರಿತನದ ಕ್ರಮ ಹೀಗೆಯೇ ಮುಂದುವರಿದರೆ 2027ರ ಸೆಪ್ಟೆಂಬರ್‌ನಲ್ಲಿ ಅವರು ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ ಆಗುತ್ತಾರೆ. ಪತ್ರಿಕೆಗಳಲ್ಲಿ ಅವರ ಬಗ್ಗೆ ಹೆಚ್ಚು ಬರುವುದು ಈ ಸುದ್ದಿಯೇ. ನೋಟು ರದ್ದತಿ ಪ್ರಕರಣದಲ್ಲಿ 2023ರ ಜನವರಿಯಲ್ಲಿ ನಾಲ್ವರ ಅಭಿಪ್ರಾಯಕ್ಕೆ ವಿರುದ್ಧವಾಗಿ ಒಬ್ಬರೇ ನಿಂತು ಬರೆದ ತೀರ್ಪೂ ಸಾಕಷ್ಟು ಸುದ್ದಿಯಾಯಿತು. ಮಕ್ಕಳ ವಿಷಯದಲ್ಲಿ ಅವರು ಮಾಡಿರುವ ಕೆಲಸ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ.

ಹೈಕೋರ್ಟಿನಿಂದ ಹೊರಡುವ ಮುನ್ನ, 2021ರ ಜುಲೈನಲ್ಲಿ, ನಾಗರತ್ನ ಮತ್ತು ಹಂಚಾಟೆ ಸಂಜೀವಕುಮಾರ್ ಅವರ ಪೀಠದ ಮುಂದೆ ಒಂದು ಪ್ರಕರಣ ಬಂತು. ವಿದ್ಯುತ್ ಪ್ರಸರಣ ನಿಗಮದ ನೌಕರನೊಬ್ಬ ಸೇವೆಯಲ್ಲಿದ್ದಾಗಲೇ ತೀರಿಕೊಂಡಿದ್ದ. ಅನುಕಂಪದ ನೌಕರಿ ಕೇಳಿದವನು ಎರಡನೆಯ ಹೆಂಡತಿಯ ಮಗ. ಮೊದಲ ಮದುವೆ ಜಾರಿಯಲ್ಲಿರುವಾಗಲೇ ಆದ ಮದುವೆ ಅದು, ಆದ್ದರಿಂದ ಕೊಡಲಾಗದು ಎಂದು ನಿಗಮ ಸುತ್ತೋಲೆ ತೋರಿಸಿತು. ಪೀಠ ಅದನ್ನು ಒಪ್ಪಲಿಲ್ಲ. ತಾನು ಹುಟ್ಟುವ ವಿಷಯದಲ್ಲಿ ಮಗುವಿನ ಪಾತ್ರವೇನೂ ಇಲ್ಲ, ಅಕ್ರಮ ತಂದೆತಾಯಿ ಇರಬಹುದೇ ಹೊರತು ಅಕ್ರಮ ಮಗು ಎಂಬುದಿಲ್ಲ ಎಂಬ ತಾತ್ಪರ್ಯದ ಮಾತನ್ನು ಆ ತೀರ್ಪು ಆಡಿತು. ನಮ್ಮ ಹಳ್ಳಿಗಳ ಜಗಲಿಕಟ್ಟೆಯಲ್ಲಿ ಇಂಥ ಮಕ್ಕಳನ್ನು ಯಾವ ಮಾತಿನಿಂದ ಕರೆಯುತ್ತಾರೆಂಬುದನ್ನು ಕೇಳಿ ಬಲ್ಲವರಿಗೆ ಅದರ ತೂಕ ತಿಳಿದೀತು.

ಸರ್ವೋಚ್ಚ ನ್ಯಾಯಾಲಯದಲ್ಲಿ ಬಾಲನ್ಯಾಯ ಕಾಯ್ದೆಯ ಜಾರಿಯನ್ನು ಗಮನಿಸಲೆಂದೇ ಒಂದು ಸಮಿತಿ ಇದೆ. ರಚನೆಯಾದದ್ದು 2013ರಲ್ಲಿ, ನ್ಯಾಯಮೂರ್ತಿ ಮದನ್ ಲೋಕೂರ್ ಅವರ ನೇತೃತ್ವದಲ್ಲಿ. ಆ ಸಮಿತಿಯ ಅಧ್ಯಕ್ಷತೆ ಮೈಸೂರಿನಲ್ಲೇ ಹುಟ್ಟಿದ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರಿಗೂ ಬಂದಿತ್ತು. ಅವರು 2023ರ ಅಕ್ಟೋಬರ್‌ನಲ್ಲಿ ನಿವೃತ್ತರಾದರು. ಆಮೇಲೆ ಆ ಜವಾಬ್ದಾರಿ ನಾಗರತ್ನ ಅವರಿಗೆ ಬಂತು. ಅವರ ಅಧ್ಯಕ್ಷತೆಯಲ್ಲಿ 2024ರ ಸೆಪ್ಟೆಂಬರ್‌ನ ರಾಷ್ಟ್ರೀಯ ಸಮಾಲೋಚನೆ ಅಂಗವಿಕಲ ಮಕ್ಕಳ ಹಕ್ಕುಗಳ ಮೇಲೆ, 2025ರ ಅಕ್ಟೋಬರ್‌ನದು ಹೆಣ್ಣುಮಗುವಿನ ರಕ್ಷಣೆಯ ಮೇಲೆ ನಡೆದವು. ಒಬ್ಬರಾದ ಮೇಲೊಬ್ಬರಂತೆ ಕಾವೇರಿ ಸೀಮೆಯ ಇಬ್ಬರು ಈ ಕೆಲಸ ನೋಡಿಕೊಂಡರೆನ್ನುವುದು ಆಕಸ್ಮಿಕವೇ ಇರಬಹುದು. ಆದರೂ ನಮ್ಮ ಮಕ್ಕಳಿಗೆ ಹೇಳಿಕೊಳ್ಳಬಹುದಾದ ಸಂಗತಿ.

ತೀರ್ಪಿನಲ್ಲಿ ಏನಿದೆ?

ಈಗ ವಯಸ್ಸಿನ ತೀರ್ಪಿಗೆ ಬರೋಣ. ಉತ್ತರ ಪ್ರದೇಶದ ಒಂದು ಕೊಲೆ ಪ್ರಕರಣ. ಆರೋಪಿಗಳಲ್ಲಿ ಒಬ್ಬ ತಾನು ಇನ್ನೂ ಬಾಲಕ ಎಂದ. ಹತ್ತನೇ ತರಗತಿಯ ಪ್ರಮಾಣಪತ್ರವನ್ನು ಹಾಜರುಪಡಿಸಿದ. ಬಾಲನ್ಯಾಯ ಮಂಡಳಿ ಒಪ್ಪಿತು, ಮೇಲಿನ ನ್ಯಾಯಾಲಯಗಳೂ ಒಪ್ಪಿದವು. ಸತ್ತವರ ಕಡೆಯವರು ದೆಹಲಿಯವರೆಗೂ ಹೋದರು. ಆ ಕಾಗದವನ್ನು ನಂಬಲಾಗದು, ವೈದ್ಯರಿಂದ ಪರೀಕ್ಷೆ ಮಾಡಿಸಿ ಎಂಬುದು ಅವರ ವಾದ. 2021ರ ನವೆಂಬರ್ 18ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ನಾಗರತ್ನ ಅವರ ಪೀಠ ಆ ಮೇಲ್ಮನವಿಯನ್ನು ತಳ್ಳಿಹಾಕಿತು. ತೀರ್ಪು ಬರೆದವರು ನಾಗರತ್ನ. ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ಆಗ ಮೂರು ತಿಂಗಳೂ ತುಂಬಿರಲಿಲ್ಲ. ಕಾನೂನು ಪುಸ್ತಕಗಳಲ್ಲಿ ಅದು ರಿಷಿಪಾಲ್ ಸಿಂಗ್ ಸೋಳಂಕಿ ಪ್ರಕರಣ ಎಂದೇ ದಾಖಲಾಗಿದೆ.

2015ರ ಬಾಲನ್ಯಾಯ ಕಾಯ್ದೆ 2016ರ ಜನವರಿ 15ರಿಂದ ಜಾರಿಯಲ್ಲಿದೆ. ಅದರ 94ನೇ ಕಲಮು ವಯಸ್ಸು ನಿರ್ಧರಿಸಲು ಮೂರು ಮೆಟ್ಟಿಲು ಇಟ್ಟಿದೆ. ಮೊದಲನೆಯದು ಶಾಲೆ ಕೊಡುವ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಪರೀಕ್ಷಾ ಮಂಡಳಿ ಕೊಡುವ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ. ನಮ್ಮಲ್ಲಿ ಇದು ಎಸ್ಸೆಸ್ಸೆಲ್ಸಿಯದು. ಅದಿಲ್ಲದಿದ್ದರೆ ನಗರಸಭೆ, ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ, ಅದೂ ಆದೇಶವಾದ 15 ದಿನಗಳೊಳಗೆ. ಶಾಲೆಯ ಕಾಗದ ಇರುವಾಗ ಮೂರನೆಯ ಮೆಟ್ಟಿಲಿಗೆ ಹಾರುವಂತಿಲ್ಲ ಎಂಬುದು ತೀರ್ಪಿನ ತಿರುಳು.

ಇಷ್ಟೇ ಆಗಿದ್ದರೆ ಅದು ಕಲಮಿನ ಪುನರುಕ್ತಿ ಎನ್ನಬಹುದಿತ್ತು. ತೀರ್ಪು ಇನ್ನೂ ಕೆಲವು ಮಾತು ಹೇಳುತ್ತದೆ. ತಾನು ಬಾಲಕ ಎಂದು ಹೇಳಿಕೊಂಡವನೇ ಅದಕ್ಕೆ ಮೊದಲ ಆಧಾರ ಒದಗಿಸಬೇಕು. ಒದಗಿಸಿದ ದಾಖಲೆ ನಂಬತಕ್ಕದ್ದಾಗಿರಬೇಕು. ಎದುರು ಪಕ್ಷ ಬೇರೆ ಬಲವಾದ ಸಾಕ್ಷ್ಯ ತಂದರೆ ಅದು ಬಿದ್ದುಹೋಗಬಹುದು. ಸುಳ್ಳು ಕಾಗದ ಸೃಷ್ಟಿಸಿಕೊಂಡು ಬರುವವರಿಗೆ ಕಾಯ್ದೆ ಆಶ್ರಯವಾಗಬಾರದು. ಆದರೆ ಕೂದಲು ಸೀಳುವ ತಾಂತ್ರಿಕತೆಯೂ ಸಲ್ಲದು. ಗಡಿಯಲ್ಲಿ ನಿಂತ ಪ್ರಕರಣದಲ್ಲಿ ಎರಡು ಅಭಿಪ್ರಾಯಕ್ಕೆ ಎಡೆಯಿದ್ದರೆ, ಅವನನ್ನು ಮಗು ಎನ್ನುವ ಕಡೆಗೆ ನ್ಯಾಯಾಲಯ ವಾಲಬೇಕು.

ಮೆಟ್ಟಿಲುಗಳ ಕ್ರಮವನ್ನು ಇನ್ನೊಮ್ಮೆ ನೋಡಿ. ಶಾಲೆಯ ಕಾಗದ ಮೊದಲು, ಪಂಚಾಯಿತಿಯ ಜನನ ಪ್ರಮಾಣಪತ್ರ ಆಮೇಲೆ! ಹೆರಿಗೆ ಮಾಡಿಸಿದ ದಾದಿ ಬರೆಸಿದ ತಾರೀಖಿಗಿಂತ, ಆರು ವರ್ಷದ ನಂತರ ಮೇಷ್ಟರು ಬರೆದ ತಾರೀಖಿಗೆ ಕಾನೂನು ಮೇಲಿನ ಮಣೆ ಹಾಕಿದೆ. ಮೇಷ್ಟರುಗಳಾದ ನಮಗೆ ಇದು ಗೌರವವೋ ಹೊರೆಯೋ ನಾನು ಹೇಳಲಾರೆ. ಈ ಕ್ರಮ ಸರಿಯೆಂದು ನನಗೇನೂ ಅನ್ನಿಸುವುದಿಲ್ಲ. ಆದರೆ ಕಾಯ್ದೆ ಇರುವುದು ಹಾಗೆ. ಆದಕಾರಣ ಜೂನ್ ಒಂದರ ತಮಾಷೆ ತಮಾಷೆಯಾಗಿ ಉಳಿಯುವುದಿಲ್ಲ.

ಎಲುಬು ಹೇಳುವ ವಯಸ್ಸು

ಕಾಗದ ಸುಳ್ಳು ಹೇಳಬಹುದು, ದೇಹ ಸುಳ್ಳು ಹೇಳುತ್ತದೆಯೇ, ಎಕ್ಸ್‌ರೇ ತೆಗೆಸಿದರೆ ಆಯಿತಲ್ಲ ಎಂದು ಹಲವರು ಕೇಳುತ್ತಾರೆ. ವಿಜ್ಞಾನ ಪಾಠ ಹೇಳುವವನಾಗಿ ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರ ಕೊಡಬೇಕು.

ಹುಟ್ಟಿದ ಮಗುವಿನಲ್ಲಿ ಸುಮಾರು 300 ಎಲುಬುಗಳಿರುತ್ತವೆ, ಬೆಳೆದವರಲ್ಲಿ 206. ಉಳಿದವು ಕಳೆದುಹೋಗುವುದಿಲ್ಲ, ಒಂದರೊಡನೊಂದು ಬೆಸೆದುಕೊಳ್ಳುತ್ತವೆ. ಕೈಕಾಲಿನ ಉದ್ದ ಎಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ಒಂದು ತೆಳುವಾದ ಪಟ್ಟಿ ಇರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಎಕ್ಸ್‌ರೇ ಚಿತ್ರದಲ್ಲಿ ಅದು ಕಪ್ಪು ಗೆರೆಯಂತೆ ಕಾಣುತ್ತದೆ. ಹದಿಹರೆಯದ ಕೊನೆಯಲ್ಲಿ ಹಾರ್ಮೋನುಗಳ ಪ್ರಭಾವದಿಂದ ಆ ಪಟ್ಟಿಯೂ ಎಲುಬಾಗಿ ಗೆರೆ ಅಳಿಸಿಹೋಗುತ್ತದೆ. ಮೊಣಕೈಯಲ್ಲಿ ಬೇಗ, ಮಣಿಕಟ್ಟಿನಲ್ಲಿ ತಡ, ಸೊಂಟದ ಎಲುಬಿನ ಅಂಚಿನಲ್ಲಿ ಇನ್ನೂ ತಡ. ಹೆಣ್ಣುಮಕ್ಕಳಲ್ಲಿ ಗಂಡುಮಕ್ಕಳಿಗಿಂತ ಒಂದೆರಡು ವರ್ಷ ಮೊದಲೇ ಬೆಸೆಯುತ್ತದೆ. ಯಾವ ಗೆರೆ ಅಳಿಸಿದೆ, ಯಾವುದು ಉಳಿದಿದೆ ಎಂದು ನೋಡಿ ವೈದ್ಯರು ವಯಸ್ಸನ್ನು ಅಂದಾಜು ಮಾಡುತ್ತಾರೆ.

ಅಂದಾಜು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಹೊಟ್ಟೆ ತುಂಬ ಉಂಡು ಬೆಳೆದ ಮಗುವಿನ ಎಲುಬು ಬೇಗ ಬಲಿಯುತ್ತದೆ. ಅರೆಹೊಟ್ಟೆಯಲ್ಲಿ ಬೆಳೆದದ್ದರದು, ಥೈರಾಯ್ಡ್ ಕೊರತೆಯಿದ್ದವರದು ನಿಧಾನ. ಇದಕ್ಕೆ ವೈದ್ಯರು ಹೋಲಿಸಿ ನೋಡುವ ಚಿತ್ರಸಂಪುಟಗಳಲ್ಲಿ ಬಹಳ ಹೆಸರಾದದ್ದು ಗ್ರೂಲಿಚ್ ಮತ್ತು ಪೈಲ್ ಎಂಬಿಬ್ಬರದು. ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ 1930ರ ದಶಕದಲ್ಲಿ ಆರಂಭವಾದ ಅಧ್ಯಯನದಿಂದ ಹುಟ್ಟಿದ್ದು. ಅದರಲ್ಲಿರುವವರು ಅನುಕೂಲಸ್ಥ ಮನೆಗಳ ಬಿಳಿಯ ಮಕ್ಕಳು. ಎಚ್.ಡಿ. ಕೋಟೆಯ ಹಾಡಿಯೊಂದರಲ್ಲಿ ರಾಗಿಗಂಜಿ ಕುಡಿದು ಬೆಳೆದ ಜೇನುಕುರುಬರ ಹುಡುಗನ ಮಣಿಕಟ್ಟನ್ನು ಅಂಥ ಚಿತ್ರದ ಪಕ್ಕದಲ್ಲಿಟ್ಟು ಹದಿನೇಳೋ ಹದಿನೆಂಟೋ ಎಂದು ತೀರ್ಮಾನಿಸುವುದು ಎಷ್ಟು ಸರಿ ಎಂಬುದನ್ನು ಓದುಗರೇ ಯೋಚಿಸಬಹುದು. ಸರ್ವೋಚ್ಚ ನ್ಯಾಯಾಲಯ 1982ರಷ್ಟು ಹಿಂದೆಯೇ, ಜಯಮಾಲಾ ಪ್ರಕರಣದಲ್ಲಿ, ಎಕ್ಸ್‌ರೇಯಿಂದ ಕಂಡುಹಿಡಿದ ವಯಸ್ಸು ಎರಡೂ ಕಡೆಗೆ ಎರಡೆರಡು ವರ್ಷ ಹೆಚ್ಚುಕಡಿಮೆಯಾಗಬಹುದೆಂದು ಗುರುತಿಸಿತ್ತು. ಹದಿನೆಂಟು ಎಂದು ಬಂದ ವರದಿಯ ಅರ್ಥ ಹದಿನಾರರಿಂದ ಇಪ್ಪತ್ತರ ನಡುವೆ ಎಂದಾಯಿತು. ನಮಗೆ ಬೇಕಾದ ಗಡಿಯೂ ಅಲ್ಲಿಯೇ ಇದೆ! ವೈದ್ಯಕೀಯ ಪರೀಕ್ಷೆಯನ್ನು ಕಾಯ್ದೆ ಕಟ್ಟಕಡೆಗಿಟ್ಟಿರುವುದು ಇದಕ್ಕೇ.

ಒಬ್ಬ ಹುಡುಗನ ಲೆಕ್ಕ

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಪಿರಿಯಾಪಟ್ಟಣದ ಕಡೆಯ ಹುಡುಗ. ನಿಜವಾಗಿ ಹುಟ್ಟಿದ್ದು 2006ರ ಆಗಸ್ಟ್ 20. ಶಾಲೆಯಲ್ಲಿ ಬರೆಸಿದ್ದು 1-6-2006. ಸ್ನೇಹಿತರ ಜೊತೆ ಸೇರಿ 2024ರ ಜುಲೈ 10ರಂದು ಹುಣಸೂರಿನ ಬಸ್ ನಿಲ್ದಾಣದ ಬಳಿ ನಿಲ್ಲಿಸಿದ್ದ ಬೈಕೊಂದನ್ನು ಎತ್ತಿಕೊಂಡು ಹೋದ ಎನ್ನೋಣ. ಆ ದಿನ ಅವನ ನಿಜವಾದ ವಯಸ್ಸು 17 ವರ್ಷ 10 ತಿಂಗಳು ಚಿಲ್ಲರೆ. ವಹಿಯ ಪ್ರಕಾರ 18 ವರ್ಷ 1 ತಿಂಗಳು ಚಿಲ್ಲರೆ.

ವಹಿಯನ್ನು ನಂಬಿದರೆ ಅವನು ವಯಸ್ಕ. ಎಫ್‌ಐಆರ್, ಠಾಣೆ, ಮ್ಯಾಜಿಸ್ಟ್ರೇಟರ ನ್ಯಾಯಾಲಯ. ಜಾಮೀನಿಗೆ ಯಾರೂ ಬರದಿದ್ದರೆ ಬೆಳೆದ ಕೈದಿಗಳ ನಡುವೆ ಜೈಲು.

ನಿಜವನ್ನು ನಂಬಿದರೆ ದಾರಿಯೇ ಬೇರೆ. ಪ್ರತಿ ಪೊಲೀಸ್ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಒಬ್ಬರಿರಬೇಕು. ಮಗುವಿನೊಡನೆ ಮಾತನಾಡುವಾಗ ಅವರು ಸಮವಸ್ತ್ರದಲ್ಲಿರಬಾರದು. ಲಾಕಪ್ ಇಲ್ಲ, ಕೈಕೋಳ ಇಲ್ಲ. ಹೆತ್ತವರಿಗೆ ತಿಳಿಸಬೇಕು. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಕರೆದೊಯ್ಯಬೇಕು. ಜಿಲ್ಲೆಗೊಂದಾದರೂ ಇಂಥ ಮಂಡಳಿ ಇರಬೇಕೆಂಬುದು ನಿಯಮ. ನಮ್ಮ ನಾಲ್ಕೂ ತಾಲ್ಲೂಕಿನವರು ಅದಕ್ಕಾಗಿ ಮೈಸೂರಿಗೆ ಹೋಗಬೇಕು. ಮಂಡಳಿಯಲ್ಲಿ ಕೂರುವುದು ಒಬ್ಬ ಮ್ಯಾಜಿಸ್ಟ್ರೇಟರು ಮತ್ತು ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಕಪ್ಪು ಕೋಟು, ಕಟಕಟೆ ಅಲ್ಲಿ ಕಾಣುವುದಿಲ್ಲ. ಜಾಮೀನು ಕೊಡುವುದೇ ರೂಢಿ, ನಿರಾಕರಿಸಲು ಕಾರಣ ಬರೆಯಬೇಕು. ಹುಡುಗನ ಮನೆ, ಶಾಲೆ, ಸಹವಾಸ ಎಲ್ಲವನ್ನೂ ವಿಚಾರಿಸಿ ಪರಿವೀಕ್ಷಣಾಧಿಕಾರಿ ವರದಿ ಕೊಡುತ್ತಾರೆ.

ಮೂರು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳನ್ನು ಸಣ್ಣ ಅಪರಾಧ ಎಂದು ಕಾಯ್ದೆ ಕರೆಯುತ್ತದೆ. ಸಾಮಾನ್ಯ ಕಳವು ಅದರಲ್ಲಿ ಸೇರುತ್ತದೆ. ಅಂಥ ವಿಚಾರಣೆ ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಇನ್ನೆರಡು ತಿಂಗಳಲ್ಲಿ ಮುಗಿಯದಿದ್ದರೆ ಪ್ರಕರಣವೇ ಕೊನೆಗೊಳ್ಳುತ್ತದೆ. ಅಪರಾಧ ಸಾಬೀತಾದರೂ ಬುದ್ಧಿಮಾತು, ಆಪ್ತಸಲಹೆ, ಸಮುದಾಯ ಸೇವೆ, ಹೆತ್ತವರಿಗೆ ದಂಡ, ಸನ್ನಡತೆಯ ಮೇಲೆ ಬಿಡುಗಡೆ ಹೀಗೆ ಹಲವು ದಾರಿಗಳಿವೆ. ವಿಶೇಷ ಗೃಹಕ್ಕೆ ಕಳಿಸಿದರೆ ಅದರ ಗರಿಷ್ಠ ಅವಧಿ ಮೂರು ವರ್ಷ. ಎಲ್ಲಕ್ಕಿಂತ ಮುಖ್ಯವಾದದ್ದು 24ನೇ ಕಲಮು. ಮಂಡಳಿಯಲ್ಲಿ ಇತ್ಯರ್ಥವಾದ ಪ್ರಕರಣ ಮುಂದೆ ಆ ಹುಡುಗನ ಓದಿಗೂ ನೌಕರಿಗೂ ಕಳಂಕವಾಗಿ ಅಂಟಬಾರದು, ಕಾಲಾವಧಿ ಮುಗಿದ ಮೇಲೆ ದಾಖಲೆ ನಾಶವಾಗಬೇಕು. ಹೆಸರು, ಊರು, ಶಾಲೆ, ಚಿತ್ರ ಯಾವುದನ್ನೂ ಪತ್ರಿಕೆಯವರು ಪ್ರಕಟಿಸುವಂತಿಲ್ಲ. ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹುಡುಗನ ಕಡೆಯವರು ಆಸ್ಪತ್ರೆಯ ದಾಖಲೆ, ಪಂಚಾಯಿತಿಯ ಜನನ ಪ್ರಮಾಣಪತ್ರ ತಂದು, ವಹಿಯ ತಾರೀಖು ತಪ್ಪೆಂದು ವಾದಿಸಬಹುದು. ನಾಗರತ್ನ ಅವರ ತೀರ್ಪಿನಲ್ಲಿ ಅದಕ್ಕೆ ಎಡೆಯಿದೆ. ಬಾಲಕನೆಂಬ ವಾದವನ್ನು ಯಾವ ಹಂತದಲ್ಲಾದರೂ, ಪ್ರಕರಣ ಮುಗಿದ ಮೇಲೂ ಎತ್ತಬಹುದು. ಆದರೆ ವಾದಿಸಲು ವಕೀಲರು ಬೇಕು, ಸಾಕ್ಷ್ಯ ಬೇಕು, ಮೈಸೂರಿಗೆ ಓಡಾಡಲು ಕೂಲಿ ಬಿಡಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಕ್ಕಳಿಗೆ ಉಚಿತವಾಗಿ ವಕೀಲರು ಸಿಗುತ್ತಾರೆಂಬುದು ಎಷ್ಟು ತಂದೆತಾಯಿಗೆ ಗೊತ್ತು?

ಈ ಲೆಕ್ಕದಲ್ಲಿ ಬೈಕು ಎತ್ತಿದ ದಿನದ ವಯಸ್ಸನ್ನೇ ಹಿಡಿದದ್ದೇಕೆ, ಸಿಕ್ಕಿಬಿದ್ದ ದಿನದ್ದೇಕಲ್ಲ? ಇದಕ್ಕೂ ಒಬ್ಬ ಕನ್ನಡಿಗರ ಸಂಬಂಧವಿದೆ. 2000ದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪು, ನ್ಯಾಯಾಲಯದ ಮುಂದೆ ಹಾಜರುಪಡಿಸಿದ ದಿನದ ವಯಸ್ಸು ಮುಖ್ಯ ಎಂದಿತ್ತು. ಪೊಲೀಸರು ನಾಲ್ಕು ತಿಂಗಳು ತಡಮಾಡಿದರೆ ಬಾಲಕ ವಯಸ್ಕನಾಗಿಬಿಡುವ ವಿಚಿತ್ರ ಅದರಿಂದ ಉಂಟಾಗಿತ್ತು. ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ನೇತೃತ್ವದ ಐವರ ಸಂವಿಧಾನ ಪೀಠ 2005ರ ಫೆಬ್ರುವರಿಯಲ್ಲಿ, ಪ್ರತಾಪ್ ಸಿಂಗ್ ಪ್ರಕರಣದಲ್ಲಿ, ಅದನ್ನು ಸರಿಪಡಿಸಿ ಅಪರಾಧ ನಡೆದ ದಿನವೇ ಲೆಕ್ಕಕ್ಕೆ ಎಂದು ಸಾರಿತು.

ಹದಿನಾರು ದಾಟಿದವರು ಕೊಲೆ, ಅತ್ಯಾಚಾರದಂಥ ಘೋರ ಅಪರಾಧ ಮಾಡಿದರೆ ಮಾತು ಬೇರೆ. 2012ರ ದೆಹಲಿಯ ನಿರ್ಭಯಾ ಪ್ರಕರಣದ ಬಿಸಿಯಲ್ಲಿ ಹುಟ್ಟಿದ 2015ರ ಕಾಯ್ದೆ, ಅಂಥವರ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯವನ್ನು ಪರಿಶೀಲಿಸಿ, ವಯಸ್ಕರಂತೆ ವಿಚಾರಣೆಗೆ ಒಪ್ಪಿಸಲು ಅವಕಾಶ ಕೊಟ್ಟಿದೆ. ಅಲ್ಲಿ ಹದಿನೆಂಟರ ಜೊತೆಗೆ ಹದಿನಾರೂ ಒಂದು ಗಡಿಯಾಯಿತು. ಜೂನ್ ಒಂದರ ತೊಡಕು ಅಲ್ಲೂ ಇದೆ.

ಹೆಣ್ಣುಮಗುವಿನ ಬದಿಯಿಂದ

ಇದೇ ತಾರೀಖು ಹೆಣ್ಣುಮಕ್ಕಳ ಪಾಲಿಗೆ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ. ನಮ್ಮ ಸೀಮೆಯಲ್ಲಿ ವಯಸ್ಸಿನ ಕಾನೂನಿಗೆ ಹಳೆಯ ಇತಿಹಾಸವಿದೆ. ಮೈಸೂರು ಸಂಸ್ಥಾನ ಶಿಶುವಿವಾಹ ತಡೆಯುವ ಶಾಸನ ತಂದದ್ದು 1894ರಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ. ಬ್ರಿಟಿಷ್ ಇಂಡಿಯಾದ ಶಾರದಾ ಕಾಯ್ದೆಗಿಂತ 35 ವರ್ಷ ಮೊದಲು! ಅದು ನಿಷೇಧಿಸಿದ್ದು 8 ವರ್ಷಕ್ಕಿಂತ ಕಿರಿಯ ಹುಡುಗಿಯರ ಮದುವೆಯನ್ನು, ಮತ್ತು 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನು. ಇಂದು ಓದಿದರೆ ಎಂಟು ವರ್ಷವೇ ಎಂದು ಹೌಹಾರುತ್ತೇವೆ. ಆಗ ಅಷ್ಟಕ್ಕೇ ಸಂಪ್ರದಾಯಸ್ಥರಿಂದ ವಿರೋಧ ಬಂದಿತ್ತು.

ಈಗ ಗಡಿ ಹದಿನೆಂಟು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಅಧ್ಯಕ್ಷತೆಯ ಸಮಿತಿ 2011ರಲ್ಲಿ ರಾಜ್ಯದಲ್ಲಿ ಬಾಲ್ಯವಿವಾಹ ತಡೆಗೆ ವರದಿ ಕೊಟ್ಟಿತು. ಕರ್ನಾಟಕ 2016ರಲ್ಲಿ ಕೇಂದ್ರದ ಕಾಯ್ದೆಗೆ ತಿದ್ದುಪಡಿ ತಂದು, ಇಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದಿತು. ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 2017ರಲ್ಲಿ. ಬೇರೆ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿಯುವುದು ವಿವೇಕದ ಕೆಲಸ ಎಂದು ಸರ್ವೋಚ್ಚ ನ್ಯಾಯಾಲಯ ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೆಚ್ಚಿಕೊಂಡಿತು.

ಆದರೆ ವಯಸ್ಸನ್ನು ರುಜುವಾತು ಮಾಡುವುದು ಹೇಗೆ? 2023ರ ಜುಲೈನಲ್ಲಿ ನ್ಯಾಯಮೂರ್ತಿಗಳಾದ ರವೀಂದ್ರ ಭಟ್ ಮತ್ತು ಅರವಿಂದ ಕುಮಾರ್ ಅವರು ತಮಿಳುನಾಡಿನ ಒಂದು ಪೋಕ್ಸೊ ಪ್ರಕರಣ ನಿರ್ಧರಿಸಿದರು. ಇಬ್ಬರಿಗೂ ಕರ್ನಾಟಕದ ನಂಟಿದೆ. ಹುಡುಗಿ ಅಪ್ರಾಪ್ತೆ ಎನ್ನಲು ಸರ್ಕಾರದ ಕಡೆಯವರು ಶಾಲೆಯ ಟಿ.ಸಿ.ಯನ್ನು ನಂಬಿದ್ದರು. ಕಾಯ್ದೆಯ ಮೆಟ್ಟಿಲುಗಳಲ್ಲಿ ಟಿ.ಸಿ.ಯ ಹೆಸರೇ ಇಲ್ಲ, ಅದು ಸಾಲದು ಎಂದಿತು ಪೀಠ. ವೈದ್ಯರ ವರದಿ 18ರಿಂದ 20 ಎಂದಿತ್ತು. ಆರೋಪಿಯ ಮೇಲಿನ ಪೋಕ್ಸೊ ಆರೋಪ ನಿಲ್ಲಲಿಲ್ಲ. ಸರಿಯಾದ ಕಾಗದವಿಲ್ಲದಿದ್ದರೆ ಕಾಯ್ದೆಯ ರಕ್ಷಣೆ ಹುಡುಗಿಯ ಕೈಗೆ ಎಟುಕದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ನಮ್ಮಲ್ಲಿ ಬಹಳ ಮಂದಿ ಟಿ.ಸಿ.ಯನ್ನೇ ವಯಸ್ಸಿನ ವೇದವಾಕ್ಯವೆಂದು ಟ್ರಂಕಿನಲ್ಲಿ ಜೋಪಾನ ಮಾಡಿರುತ್ತಾರೆ. ಟಿ.ಸಿ. ಬೇರೆ, ಶಾಲೆ ಕೊಡುವ ಜನ್ಮದಿನಾಂಕ ಪ್ರಮಾಣಪತ್ರ ಬೇರೆ.

ಹೊಗೆಸೊಪ್ಪಿನ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಎಂಟನೇ ಒಂಬತ್ತನೇ ತರಗತಿಯ ಮಕ್ಕಳ ಹಾಜರಿ ಇಳಿಯುವುದು ಅಲ್ಲಿನ ಶಿಕ್ಷಕರಿಗೆ ಹೊಸ ಸಂಗತಿಯಲ್ಲ. ಸೊಪ್ಪು ಮುರಿಯಲು, ಬ್ಯಾರನ್ನಿಗೆ ಕಟ್ಟಲು ಕೈ ಬೇಕು. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿದು ವಾಕರಿಕೆ, ತಲೆಸುತ್ತು ಬರುತ್ತದೆಂಬುದು ಬೇರೆ ಮಾತು. 2016ರ ತಿದ್ದುಪಡಿಯಾದ ಮೇಲೆ ಹದಿನಾಲ್ಕರೊಳಗಿನವರನ್ನು ಕೂಲಿಗಿಟ್ಟುಕೊಳ್ಳುವುದು ಅಪರಾಧ. ಅಲ್ಲೂ ಅಧಿಕಾರಿ ಬಂದು ಕೇಳುವ ಮೊದಲ ಪ್ರಶ್ನೆ ವಯಸ್ಸೆಷ್ಟು ಎಂಬುದೇ. ಇಂಥ ಯಾವುದಾದರೂ ಮಗು ಕಷ್ಟದಲ್ಲಿರುವುದು ಕಂಡರೆ 1098ಕ್ಕೆ ದೂರವಾಣಿ ಮಾಡಬಹುದು. ಹೇಳಿದವರ ಹೆಸರು ಹೊರಗೆ ಬರುವುದಿಲ್ಲ. ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು.

ಈಗ ಏನು ಮಾಡಬಹುದು?

ಇಂದಿನ ದಿನಗಳಲ್ಲಿ ಹೆರಿಗೆಗಳು ಬಹುಪಾಲು ಆಸ್ಪತ್ರೆಯಲ್ಲಿ ಆಗುತ್ತಿರುವುದರಿಂದ ಜೂನ್ ಒಂದರ ಹಾವಳಿ ತಗ್ಗಿದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಜನನ ಮರಣ ನೋಂದಣಿ ತಿದ್ದುಪಡಿಯಂತೆ, ಆ ದಿನ ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆಗೆ ಸೇರಲು ಜನನ ಪ್ರಮಾಣಪತ್ರವೇ ಆಧಾರ. ಆ ಮಕ್ಕಳು ಒಂದನೇ ತರಗತಿಗೆ ಬರಲು ಇನ್ನೂ ಕಾಲವಿದೆ. ಈಗ ಶಾಲೆಯಲ್ಲಿರುವವರೆಲ್ಲ ಅದಕ್ಕೆ ಮುಂಚಿನವರು.

ಜನನವನ್ನು 21 ದಿನಗಳೊಳಗೆ ತಿಳಿಸಿದರೆ ಶುಲ್ಕವಿಲ್ಲ. ಒಂದು ವರ್ಷ ದಾಟಿದರೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಗಳ, ಇಲ್ಲವೇ ಅವರು ಅಧಿಕಾರ ಕೊಟ್ಟವರ ಆದೇಶ ಬೇಕಾಗುತ್ತದೆ. ನಮ್ಮ ತಾಲ್ಲೂಕುಗಳಿಗೆ ಉಪವಿಭಾಗದ ಕಚೇರಿ ಹುಣಸೂರಿನಲ್ಲೇ ಇದೆ. ಹಾಡಿಗಳ ಮಕ್ಕಳಿಗೆ ಇದನ್ನು ಮಾಡಿಸಿಕೊಡಲು ಆಶ್ರಮಶಾಲೆಯ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಮನಸ್ಸು ಮಾಡಿದರೆ ಒಂದು ಬೇಸಿಗೆಯಲ್ಲಿ ಎಷ್ಟೋ ಕೆಲಸವಾದೀತು.

ಶಾಲೆಯ ವಹಿಯಲ್ಲಿ ತಾರೀಖು ತಪ್ಪಿದ್ದರೆ ಮಗು ಕೆಳಗಿನ ತರಗತಿಯಲ್ಲಿರುವಾಗಲೇ ಮುಖ್ಯೋಪಾಧ್ಯಾಯರನ್ನು ಕಂಡು, ಜನನ ಪ್ರಮಾಣಪತ್ರ ಕೊಟ್ಟು ಲಿಖಿತ ಅರ್ಜಿ ಹಾಕಬೇಕು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ, ಬರಹದ ಸಣ್ಣಪುಟ್ಟ ದೋಷ ಬಿಟ್ಟರೆ, ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ವಯಸ್ಸು ಕಡಿಮೆ ಬರೆಸಿದರೆ ಮುಂದೆ ನೌಕರಿಯಲ್ಲಿ ಒಂದೆರಡು ವರ್ಷ ಹೆಚ್ಚು ಸಿಗುತ್ತದೆಂದು ಲೆಕ್ಕ ಹಾಕುವ ತಂದೆಯರೂ ಇದ್ದಾರೆ. ಅವರಿಗೆ ಮೇಲಿನ ಹುಡುಗನ ಲೆಕ್ಕವನ್ನು ತಿರುಗುಮುರುಗು ಮಾಡಿ ತೋರಿಸಬೇಕು. ಹದಿನೆಂಟು ತುಂಬಿದ ಮಗಳ ಮದುವೆಯೂ ಕಾಗದದಲ್ಲಿ ಬಾಲ್ಯವಿವಾಹವಾಗಿ, ತಂದೆತಾಯಿಯೇ ಪೊಲೀಸ್ ಠಾಣೆಗೆ ಹೋಗಬೇಕಾದೀತು.

ಹತ್ತನೇ ತರಗತಿಯ ಮಕ್ಕಳ ವಿವರಗಳನ್ನು ಪ್ರತಿ ವರ್ಷ ಪರೀಕ್ಷಾ ಮಂಡಳಿಗೆ ಕಳಿಸುವ ಮೊದಲು ಶಾಲೆಯಲ್ಲಿ ನಾಮಿನಲ್ ರೋಲ್ ಸಿದ್ಧವಾಗುತ್ತದೆ. ಹೆಸರು, ಇನಿಷಿಯಲ್, ತಂದೆಯ ಹೆಸರನ್ನು ಮಕ್ಕಳು ಎರಡೆರಡು ಸಲ ನೋಡುತ್ತಾರೆ, ಕಾಗುಣಿತ ತಪ್ಪಿದ್ದರೆ ಗಲಾಟೆ ಮಾಡುತ್ತಾರೆ. ಜನ್ಮದಿನಾಂಕದ ಕಾಲಮ್ಮಿನ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ಅಂಕಪಟ್ಟಿಯಲ್ಲಿ ಅಚ್ಚಾಗುವುದು ಅದೇ ತಾರೀಖು. ಮನೆಯಲ್ಲಿ ಜನನ ಪ್ರಮಾಣಪತ್ರ ಇರುವವರು ಆ ದಿನ ಅದನ್ನು ಜೊತೆಗೆ ತಂದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ ನೋಡಿದ ಮೇಲೆ ಸಹಿ ಹಾಕಲಿ.